ಪುಸ್ತಕದ ಹುಳುವಿಗೂ ಏನೋ ಒಂದು ಬೇಕಾಗಿರುತ್ತದೆ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ನಮ್ಮೂರಿನ ಹವ್ಯಾಸಿ ತಂಡವೊಂದು ಹೊಸ ನಾಟಕಕ್ಕೆ ಆಡಿಷನ್ ಕರೆದಿದೆ. ನನಗೆ ಇಷ್ಟವಾದದ್ದು ಸಂಶೋಧನಾ ವಿದ್ಯಾರ್ಥಿಯೊಬ್ಬನ ಪಾತ್ರ. ಅವನು ಬಹಳ ಓದಿದವನು, ಆದರೆ ನಾಲ್ಕು ಜನರ ನಡುವೆ ಹೇಗೆ ನಿಲ್ಲಬೇಕೆಂದು ತಿಳಿಯದವನು. ಎರಡು ನಿಮಿಷದ ಒಂದು ಮೊನೊಲಾಗ್ (ಒಬ್ಬರೇ ಆಡುವ ಮಾತಿನ ತುಣುಕು) ಮತ್ತು ಇಬ್ಬರ ಒಂದು ದೃಶ್ಯ ತಯಾರು ಮಾಡಿಕೊಂಡು ಬರಲು ಹೇಳಿದ್ದಾರೆ. ದಪ್ಪ ಕನ್ನಡಕ, ಕುತ್ತಿಗೆಯವರೆಗೆ ಹಾಕಿದ ಗುಂಡಿ, ತೊದಲು ಮಾತು ಇಷ್ಟಿದ್ದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಬೀದರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಅಕ್ಕನೂ ಅಂಥದೇ ಸ್ವಭಾವದ ಹುಡುಗಿಯ ಪಾತ್ರಕ್ಕೆ ಪ್ರಯತ್ನಿಸುತ್ತಿದ್ದಾಳೆ. ಯಾವ ತುಣುಕುಗಳನ್ನು ಆರಿಸಿಕೊಳ್ಳಬೇಕು? ನಮ್ಮ ಕಡೆಯ ಭಾಷೆಯಲ್ಲೇ ಮಾತಾಡಿದರೆ ನಡೆಯುತ್ತದೆಯೇ?

ಉತ್ತರ: ನಾನು ಆಯ್ಕೆಯ ಮೇಜಿನ ಹಿಂದೆ ಹಲವು ಸಲ ಕುಳಿತಿದ್ದೇನೆ. ಇಂಥ ಪಾತ್ರವಿದೆಯೆಂದು ತಿಳಿದ ದಿನ, ತಮ್ಮ ಹೆಸರು ಹೇಳಿ ಮುಗಿಸುವುದರೊಳಗೆ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಳ್ಳುವ ಹುಡುಗರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಮೂರನೆಯವರು ಬರುವ ಹೊತ್ತಿಗೆ ನಮ್ಮ ಕಣ್ಣಿಗೆ ಕನ್ನಡಕ ಮಾತ್ರ ಕಾಣುತ್ತಿರುತ್ತದೆ, ಹುಡುಗ ಕಾಣುವುದಿಲ್ಲ. ನಿಮಗೆ ನಿಜವಾಗಿಯೂ ದೃಷ್ಟಿಯ ಕನ್ನಡಕ ಇದ್ದರೆ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಅದರ ಗೊಡವೆಗೆ ಹೋಗಬೇಡಿ. ತೊದಲನ್ನಂತೂ ಪೂರ್ತಿ ಕೈಬಿಡಿ. ಜಾತ್ರೆಗಳಲ್ಲಿ ಬೀಡುಬಿಡುವ ನಾಟಕ ಕಂಪನಿಗಳಲ್ಲಿ ತೊದಲುವ ಹಾಸ್ಯಪಾತ್ರಕ್ಕೆ ಇಂದಿಗೂ ನಗು ಬೀಳುತ್ತದೆ, ನಿಜ. ಆದರೆ ತೊದಲು ಮಾತಿನ ಒಂದು ತೊಂದರೆ, ಸಂಕೋಚ ಮನಸ್ಸಿನ ಒಂದು ಸ್ಥಿತಿ. ತೊದಲುವ ಎಷ್ಟೋ ಜನರು ಸಂತೆಯಲ್ಲಿ ನಿಂತು ನೂರು ಜನರನ್ನು ಸಲೀಸಾಗಿ ಮಾತಾಡಿಸುತ್ತಾರೆ, ಒಂದಕ್ಷರವೂ ತಡವರಿಸದ ಎಷ್ಟೋ ಜನರು ಮದುವೆ ಮನೆಯಲ್ಲಿ ಕಂಬದ ಹಿಂದೆ ನಿಂತಿರುತ್ತಾರೆ.

ನಿಮ್ಮ ಪಾತ್ರಕ್ಕೆ ಮಾತು ಬರುವುದಿಲ್ಲ ಎಂದುಕೊಳ್ಳುವುದೇ ಮೊದಲ ತಪ್ಪು. ಅವನಿಗೆ ಮಾತು ಧಾರಾಳವಾಗಿ ಬರುತ್ತದೆ, ಆಡಬೇಕಾದ ಒಂದು ಮಾತನ್ನು ಬಿಟ್ಟು. ಎದುರಿಗಿರುವ ವ್ಯಕ್ತಿಯಿಂದ ಅವನಿಗೆ ಏನೋ ಒಂದು ಬೇಕಾಗಿದೆ, ಅದನ್ನು ಕೇಳುವ ಧೈರ್ಯವಿಲ್ಲ, ಆದ್ದರಿಂದ ತನಗೆ ಗಟ್ಟಿಯಾಗಿ ಗೊತ್ತಿರುವ ವಿಷಯದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ಆದರೂ ಆ ಬೇಕು ಎಂಬುದು ಬಾಗಿಲ ಸಂದಿಯಿಂದ ಹೊರಗೆ ಇಣುಕುತ್ತಲೇ ಇರುತ್ತದೆ. ತುಣುಕನ್ನು ಆರಿಸುವಾಗ ನೀವು ಹುಡುಕಬೇಕಾದದ್ದು ಈ ಸಂದಿಯನ್ನು. ‘ನನಗೆ ಗೆಳೆಯರೇ ಇಲ್ಲ, ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ’ ಎಂದು ಪಾತ್ರವೇ ತನ್ನ ದುಃಖವನ್ನು ನೇರವಾಗಿ ಹೇಳಿಕೊಳ್ಳುವ ಮೊನೊಲಾಗುಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ನಟನಿಗೆ ಮಾಡಲು ಏನೂ ಉಳಿದಿರುವುದಿಲ್ಲ, ಏಕೆಂದರೆ ಅಷ್ಟು ಸ್ಪಷ್ಟವಾಗಿ ಹೇಳಿಕೊಳ್ಳಬಲ್ಲವನು ಸಂಕೋಚದವನೇ ಅಲ್ಲ.

ಈ ಮಾದರಿಗೆ ನನಗೆ ಗೊತ್ತಿರುವ ಅತ್ಯುತ್ತಮ ಮೊನೊಲಾಗ್ ರಷ್ಯದ ಲೇಖಕ ಆಂಟನ್ ಚೆಕಾಫನ ‘ತಂಬಾಕಿನ ದುಷ್ಪರಿಣಾಮಗಳು’ ಎಂಬ ಏಕಾಂಕ. ಅದನ್ನು ಅವನು ಮೊದಲು 1886ರಲ್ಲಿ ಬರೆದು, ಆಮೇಲೆ ವರ್ಷಗಳ ಕಾಲ ತಿದ್ದುತ್ತಲೇ ಹೋದ. ನ್ಯೂಖಿನ್ ಎಂಬ ನಡುವಯಸ್ಸು ದಾಟಿದ ಗಂಡ, ಹೆಂಡತಿಯ ಅಪ್ಪಣೆಯಂತೆ ಸಭೆಯ ಮುಂದೆ ತಂಬಾಕಿನ ಕೆಡುಕಿನ ಬಗ್ಗೆ ಭಾಷಣ ಮಾಡಲು ನಿಂತಿದ್ದಾನೆ. ತಾನೇ ತಂಬಾಕು ಸೇದುವವನು ಎಂದು ಆರಂಭದಲ್ಲೇ ಒಪ್ಪಿಕೊಂಡುಬಿಡುತ್ತಾನೆ. ಶಾಸ್ತ್ರೀಯ ಭಾಷಣ ಮಾಡುತ್ತೇನೆಂದು ಹೊರಟವನು ಹೆಂಡತಿ ನಡೆಸುವ ಶಾಲೆ, ತನ್ನ ಹೆಣ್ಣುಮಕ್ಕಳು, 33 ವರ್ಷದ ಸಂಸಾರ ಎಂದು ಜಾರುತ್ತ ಜಾರುತ್ತ, ಎಲ್ಲವನ್ನೂ ಬಿಟ್ಟು ಓಡಿಹೋಗಬೇಕೆಂಬ ಆಸೆಯನ್ನು ಹೊರಹಾಕಿ, ತೊಟ್ಟ ಹಳೆಯ ಕೋಟನ್ನು ತೆಗೆದು ತುಳಿಯುತ್ತಾನೆ. ಅಷ್ಟರಲ್ಲಿ ಪಕ್ಕದ ಪರದೆಯ ಹಿಂದೆ ಹೆಂಡತಿ ಬಂದು ನಿಂತದ್ದು ಕಾಣುತ್ತದೆ, ಮತ್ತೆ ತಂಬಾಕಿಗೆ ಮರಳುತ್ತಾನೆ. ಭಾಷಣ ಅವನ ಆಶ್ರಯ, ಅದರ ಬಿರುಕುಗಳಿಂದ ಬದುಕು ಸೋರುತ್ತದೆ. ವಯಸ್ಸು ನಿಮಗೆ ಹೊಂದುವುದಿಲ್ಲವಾದ್ದರಿಂದ ಆಡಿಷನ್ನಿಗೆ ಇದನ್ನೇ ಒಯ್ಯಬೇಡಿ, ಆದರೆ ಮನೆಯಲ್ಲಿ ಒಂದು ವಾರ ಇದನ್ನು ಜೋರಾಗಿ ಓದಿ. ಚೆಕಾಫ್ ಹೊರಳುವ ಜಾಗಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡರೆ ಮೊನೊಲಾಗಿನ ಅಂಗರಚನೆ ಕೈಗೆ ಸಿಗುತ್ತದೆ.

ಇಬ್ಬರ ದೃಶ್ಯಕ್ಕೆ ಅದೇ ಲೇಖಕನ ‘ಮದುವೆಯ ಪ್ರಸ್ತಾಪ’ ನಮ್ಮ ಭಾಗಕ್ಕೆ ಹೇಳಿ ಬರೆಸಿದಂತಿದೆ. 35 ವರ್ಷದ ಲೋಮೊವ್ ಎದೆಬಡಿತ, ಕಣ್ಣಿನ ಅದುರು ಎಂದು ಯಾವಾಗಲೂ ಮೈಯ ಕಾಯಿಲೆ ಎಣಿಸುತ್ತಿರುವವನು. ಪಕ್ಕದ ಮನೆಯ ನತಾಲ್ಯಾಳನ್ನು ಮದುವೆಗೆ ಕೇಳಲು ಕೋಟು ತೊಟ್ಟು ಬರುತ್ತಾನೆ. ಕೇಳಲು ನಾಚಿಕೆ, ಆದ್ದರಿಂದ ಪೀಠಿಕೆಯಾಗಿ ಎರಡೂ ಮನೆಗಳ ಹಳೆಯ ಸ್ನೇಹ, ಹೊಲ, ಹುಲ್ಲುಗಾವಲು ಎಂದು ಶುರುಮಾಡುತ್ತಾನೆ. ಹುಲ್ಲುಗಾವಲು ಯಾರದು ಎಂಬಲ್ಲಿ ಜಗಳ ಹತ್ತಿಕೊಂಡು ಮದುವೆಯ ಮಾತು ಮರೆತೇಹೋಗುತ್ತದೆ. ಬದುವಿನ ಒಂದು ಗೇಣು ನೆಲಕ್ಕೆ ತಲೆಮಾರುಗಟ್ಟಲೆ ಕೋರ್ಟು ಹತ್ತಿದ ಮನೆಗಳು ಆಳಂದದಲ್ಲಿಲ್ಲವೇ, ಸೇಡಂನಲ್ಲಿಲ್ಲವೇ? ಹುಲ್ಲುಗಾವಲಿನ ಜಾಗಕ್ಕೆ ತೊಗರಿ ಹೊಲ ತಂದಿಟ್ಟರೆ ಬೇರೇನೂ ಬದಲಿಸಬೇಕಾಗಿಲ್ಲ. ಗಮನಿಸಿ, ಜಗಳದಲ್ಲಿ ಲೋಮೊವ್‌ಗೆ ಎಳ್ಳಷ್ಟೂ ಸಂಕೋಚವಿಲ್ಲ. ದಾಖಲೆ, ಹಕ್ಕು, ಅಜ್ಜಿಯ ಕಾಲದ ಲೆಕ್ಕ, ಎಲ್ಲವೂ ಬಾಯಲ್ಲೇ ಇದೆ. ಗಟ್ಟಿ ನೆಲದ ಮೇಲೆ ಕಾಲಿಟ್ಟ ಕೂಡಲೇ ಸಿಂಹವಾಗುವ ಇಂಥ ಕ್ಷಣ ನಿಮ್ಮ ತುಣುಕಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಎರಡು ನಿಮಿಷವೂ ಒಂದೇ ರಾಗವಾಗುತ್ತದೆ.

ಇನ್ನು ಭಾಷೆ. ಈ ಪ್ರಶ್ನೆಯನ್ನು ನೀವು ಕೊನೆಯಲ್ಲಿ ಅಂಜುತ್ತ ಕೇಳಿದ್ದೀರಿ, ನನ್ನ ಮಟ್ಟಿಗೆ ಅದೇ ಮೊದಲನೆಯದು. ತಂಡ ಬೇರೆ ಹೇಳದಿದ್ದರೆ ಕಲಬುರಗಿಯ ಮಾತಿನಲ್ಲೇ ಮಾಡಿ. ಧಾರಾವಾಹಿಗಳ ಕನ್ನಡವನ್ನು ಎರವಲು ತಂದರೆ ನಿಮ್ಮ ಅರ್ಧ ಗಮನ ಉಚ್ಚಾರಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ನಮ್ಮಲ್ಲಿ ಸಂಕೋಚದವನ ಗುರುತು ಅವನ ಮೈಯಲ್ಲಿ ಕಾಣುವುದಕ್ಕಿಂತ ಮೊದಲು ವ್ಯಾಕರಣದಲ್ಲಿ ಕಾಣುತ್ತದೆ. ಓರಗೆಯ ಹುಡುಗಿಯನ್ನು ‘ನೀ’ ಎನ್ನಬೇಕೋ ‘ನೀವು’ ಎನ್ನಬೇಕೋ ಅವನಿಗೆ ತೀರ್ಮಾನವಾಗಿರುವುದಿಲ್ಲ. ಒಂದೇ ವಾಕ್ಯದಲ್ಲಿ ‘ನಿಂದ್ರು’ ಎಂದು, ತಕ್ಷಣ ‘ನಿಂದರ್ರಿ’ ಎಂದು ತಿದ್ದಿಕೊಳ್ಳುತ್ತಾನೆ. ಹೆದರಿಕೆ ಹೆಚ್ಚಾದ ಕಡೆ ಆಡುಮಾತು ಬಿಟ್ಟು ಪುಸ್ತಕದ ಮಾತಿಗೆ ಜಿಗಿಯುತ್ತಾನೆ, ‘ಗಡಿಯಾರ’ದ ಪಕ್ಕದಲ್ಲೇ ‘ರೇಖಾಂಶ’ ಬರುತ್ತದೆ. ಇದು ನಿಮಗೆ ಪುಕ್ಕಟೆಯಾಗಿ ಸಿಕ್ಕಿರುವ ಉಪಕರಣ. ತೊದಲಿನ ಕೆಲಸವನ್ನೆಲ್ಲ ಇದೇ ಮಾಡಿಕೊಡುತ್ತದೆ.

ಹೇಳಿದ್ದು ಬರಿಯ ಮಾತಾಗಬಾರದೆಂದು ಒಂದು ತುಣುಕನ್ನು ಬರೆದು ಕೊಡುತ್ತಿದ್ದೇನೆ. ಬೇಕಾದರೆ ಇದನ್ನೇ ಮಾಡಿ, ಇಲ್ಲವೇ ಇದನ್ನು ನೋಡಿ ನಿಮ್ಮದನ್ನು ಬರೆದುಕೊಳ್ಳಿ. ಭೌತವಿಜ್ಞಾನದ ವಿದ್ಯಾರ್ಥಿ ಕಾಲೇಜಿನ ಮೆಟ್ಟಿಲ ಬಳಿ ಸಹಪಾಠಿಯನ್ನು ತಡೆದು ನಿಲ್ಲಿಸಿದ್ದಾನೆ. ಕೈಯಲ್ಲಿ ಒಂದು ಪೆನ್ಸಿಲ್ ಇದೆ.

“ಒಂದ್ ನಿಮಿಷ ನಿಂದ್ರು. ನಿಂದರ್ರಿ. ಮೇ ಒಂಬತ್ತಕ್ಕ ನಿಮಗ ಏನರೆ ಕೆಲಸ ಅದ ಏನ್ರಿ? ಮಧ್ಯಾಹ್ನ. ಹನ್ನೆರಡು ಹತ್ತೊಂಬತ್ತಕ್ಕ. ಹನ್ನೆರಡಕ್ಕ ಅಲ್ಲ. ಹನ್ನೆರಡಕ್ಕ ಸೂರ್ಯ ನೆತ್ತಿ ಮ್ಯಾಲ ಬರ್ತಾನ ಅಂತಾರಲ್ಲ ಮಂದಿ, ಅದು ಸುಳ್ಳು. ನಮ್ಮ ಗಡಿಯಾರ ನಮ್ಮೂರದ್ದಲ್ಲ, ಎಂಬತ್ತೆರಡೂವರಿ ಡಿಗ್ರಿ ರೇಖಾಂಶದ್ದು. ಅದು ಇಲ್ಲಿಂದ ಭಾಳ ಮೂಡಲಕ್ಕ ಅದ. ಅಲ್ಲಿ ಮಧ್ಯಾಹ್ನ ಆದಮ್ಯಾಲ ನಮಗ ಆಗ್ತದ. ಕಲಬುರಗಿ ಹದಿನೇಳು ಡಿಗ್ರಿ ಚಿಲ್ಲರ ಅಕ್ಷಾಂಶದಾಗ ಅದ, ಹಂಗಾಗಿ ವರ್ಷದಾಗ ಎರಡ ದಿನ ಸೂರ್ಯ ಬರೋಬ್ಬರಿ ತಲಿ ಮ್ಯಾಲ ನಿಂದರ್ತಾನ. ನೆಟ್ಟಗ ನಿಂತ ಕಂಬಕ್ಕ ನೆರಳೇ ಇರಂಗಿಲ್ಲ. (ಪೆನ್ಸಿಲ್ಲನ್ನು ಅಂಗೈ ಮೇಲೆ ನೆಟ್ಟಗೆ ಹಿಡಿದು) ಹಿಂಗ. ನೆರಳು ಬಂದು ಕಾಲಾಗ ಕುಂದರ್ತದ. ದಿಲ್ಲಿ ಮಂದಿಗಿ ಇದು ಎಂದೂ ಕಾಣಂಗಿಲ್ಲ, ಪಾಪ.

ಮಾಳಿಗಿ ಕೀಲಿ ನನ್ನ ಹಂತ್ಯಾಕ ಅದ. ಅಂದ್ರ, ಸರ್‌ಗಿ ಕೇಳಿ ಇಸ್ಕೊಂಡೀನಿ. ಬಿಸಲು ಭಾಳ ಇರ್ತದ, ಖರೆ. ಛತ್ರಿ ತರಬ್ಯಾಡ್ರಿ. ಛತ್ರಿಗಿ ನೆರಳು ಇರ್ತದ. (ಮೌನ) ತರ್ರಿ. ಛತ್ರಿ ತರ್ರಿ, ಬಿಸಲಿಗಿ ನಿಮಗ ತಲಿ ನೋಯ್ತದ. ಹೋದ ವಾರ ಲ್ಯಾಬಿನ್ಯಾಗ ಯಾರಿಗೋ ಹೇಳ್ತಿದ್ರಿ. ನಾ ಕೇಳಿಸ್ಕೊಂಡಿಲ್ಲ. ಕೇಳಿಸ್ತು.

ಆಗಸ್ಟಿನ್ಯಾಗ ಇನ್ನೊಮ್ಮಿ ಬರ್ತದ. ಆದ್ರ ಆಗ ಮೋಡ ಇರ್ತಾವ. ಮತ್ತ ಆಗ ನಿಮ್ಮ ಪರೀಕ್ಷಾ ಮುಗದಿರ್ತಾವ, ನೀವು ಬೀದರಕ್ಕ ಹೋಗಿರ್ತೀರಿ. ಬೀದರದಾಗೂ ಆಗ್ತದ ಇದು, ಒಂದೆರಡು ದಿನ ಆಚೀಚಿ. ನೀವು ಅಲ್ಲಿ ಒಬ್ಬರ ನೋಡಬಹುದು. (ಪೆನ್ಸಿಲ್ ಕಿಸೆಗೆ ಇಟ್ಟು) ಒಬ್ಬರ ನೋಡಿದ್ರ ಒಂದ ನೆರಳು ಹೋಗ್ತದ. ಇಬ್ಬರು ನಿಂತ್ರ ಎರಡೂ ಹೋಗ್ತಾವ. ಅಷ್ಟ. ಹನ್ನೆರಡು ಹತ್ತೊಂಬತ್ತು. ನಾ ಹನ್ನೆರಡಕ್ಕ ಬಂದಿರ್ತೀನಿ.”

ವಿಷಯವನ್ನು ನಾನು ಕಟ್ಟಿದ್ದಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಎಲ್ಲ ಊರುಗಳಿಗೂ ವರ್ಷಕ್ಕೆ ಎರಡು ಸಲ ಶೂನ್ಯ ನೆರಳಿನ ದಿನ ಬರುತ್ತದೆ. ಕಲಬುರಗಿಗೆ ಅದು ಬರುವುದು ಮೇ ಎರಡನೆಯ ವಾರದ ಆರಂಭದಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ. ನಮ್ಮ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶದ್ದಾದ್ದರಿಂದ ಇಲ್ಲಿಯ ನಿಜವಾದ ನಡುಹಗಲು ತಡವಾಗಿ ಆಗುತ್ತದೆ. ಇದನ್ನೆಲ್ಲ ನಿಮಗೆ ಹೇಳುವುದೇಕೆಂದರೆ, ಜ್ಞಾನಿಯ ಪಾತ್ರ ಮಾಡುವ ನಟನಿಗೆ ಆ ಜ್ಞಾನ ಅರ್ಥವಾಗಿರಲೇಬೇಕು. ಅರ್ಥವಾಗದೆ ಬಾಯಿಪಾಠ ಒಪ್ಪಿಸಿದರೆ ಕಣ್ಣು ಖಾಲಿಯಾಗಿರುತ್ತದೆ, ಎದುರಿಗೆ ಕುಳಿತವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಒಂದು ದಿನ ಬಿಸಿಲಲ್ಲಿ ಕೋಲು ನೆಟ್ಟು ನೆರಳನ್ನು ಅಳೆದು ನೋಡಿ. ಆಮೇಲೆ ಆ ಸಾಲುಗಳು ತಾವೇ ಓಡುತ್ತವೆ.

ಓಡಲೂ ಬೇಕು. ರೇಖಾಂಶದಿಂದ ದಿಲ್ಲಿಯವರೆಗಿನ ಭಾಗವನ್ನು, ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನಿಂತು ‘ಹುಮನಾಬಾದ್, ಬೀದರ್’ ಎಂದು ಕೂಗುವಷ್ಟು ಸಲೀಸಾಗಿ, ಸಂತೋಷದಿಂದ ಹೇಳಿ. ಅಲ್ಲಿ ಅವನು ಮನೆಯೊಳಗಿದ್ದಾನೆ, ಅಲ್ಲಿ ಸಂಕೋಚ ತಂದರೆ ಪಾತ್ರ ಸತ್ತಂತೆ. ವೇಗ ಮುರಿಯುವುದು ಛತ್ರಿಯ ಹತ್ತಿರ. ಮೊದಲ ಸಲ ಅವನು ಎದುರಿನವಳನ್ನು ಸೂರ್ಯನಿಗಿಂತ ಮುಖ್ಯ ಮಾಡಿದ್ದಾನೆ, ಅದು ಅವನಿಗೇ ಅನಿರೀಕ್ಷಿತ. ಆ ಮೌನವನ್ನು ಉದ್ದ ಎಳೆಯಬೇಡಿ, ಒಂದು ಉಸಿರು ಸಾಕು. ‘ಕೇಳಿಸ್ಕೊಂಡಿಲ್ಲ. ಕೇಳಿಸ್ತು’ ಎಂಬಲ್ಲಿ ನಗು ಬರುತ್ತದೆ. ನಗು ಬಂದರೆ ಕಾಯಬೇಡಿ, ಏಕೆಂದರೆ ತಾನು ನಗೆಯ ಮಾತು ಆಡಿದ್ದೇನೆಂದು ಅವನಿಗೆ ಗೊತ್ತಿಲ್ಲ.

ನಿಮ್ಮ ಅಕ್ಕನ ವಿಷಯಕ್ಕೆ ಬರುತ್ತೇನೆ. ಇಂಥ ಹೆಣ್ಣುಪಾತ್ರವೆಂದ ಕೂಡಲೇ ಅಮೆರಿಕದ ನಾಟಕಕಾರ ಟೆನೆಸ್ಸಿ ವಿಲಿಯಮ್ಸ್‌ನ ‘ದಿ ಗ್ಲಾಸ್ ಮೆನಾಜರಿ’ಯ ಲಾರಾ ನೆನಪಾಗುತ್ತಾಳೆ. 1944ರಲ್ಲಿ ಶಿಕಾಗೊದಲ್ಲಿ ಮೊದಲ ಪ್ರದರ್ಶನ ಕಂಡ ಆ ನಾಟಕದಲ್ಲಿ ಲಾರಾ ಟೈಪಿಂಗ್ ತರಗತಿಯ ಮೊದಲ ಪರೀಕ್ಷೆಯಲ್ಲೇ ಗಾಬರಿಯಿಂದ ವಾಂತಿ ಮಾಡಿಕೊಂಡು ಮತ್ತೆ ಅಲ್ಲಿಗೆ ಹೋಗದವಳು, ಗಾಜಿನ ಪುಟ್ಟ ಪ್ರಾಣಿಗಳೊಂದಿಗೆ ಬದುಕುವವಳು. ಮನೆಗೆ ಬಂದ ಯುವಕನೊಂದಿಗಿನ ಅವಳ ದೃಶ್ಯ ಬಹಳ ದೊಡ್ಡದು, ಅದರಿಂದ ಎರಡೋ ಮೂರೋ ಪುಟ ಕತ್ತರಿಸಿಕೊಳ್ಳಬೇಕಾಗುತ್ತದೆ. ಅದರಲ್ಲಿ ಮಾತು ಹೆಚ್ಚಾಗಿ ಯುವಕನದು, ಲಾರಾಳದು ಕೇಳಿಸಿಕೊಳ್ಳುವ ಕೆಲಸ. ಮಾತು ಕಡಿಮೆ ಇದೆಯೆಂದು ಇದನ್ನು ಬಿಡುವವರೇ ಹೆಚ್ಚು. ಆದರೆ ಕೇಳಿಸಿಕೊಳ್ಳುವುದನ್ನು ಬಲ್ಲ ನಟಿಯರು ಎಷ್ಟು ಅಪರೂಪವೆಂದರೆ, ಆಯ್ಕೆ ಮಾಡುವವರ ಪೆನ್ನು ಅಲ್ಲಿಯೇ ನಿಲ್ಲುತ್ತದೆ.

ಆದರೂ ನಿಮ್ಮಕ್ಕ ಬೀದರಿನವರೊಂದಿಗೆ ಓಡಾಡುತ್ತಿರುವವಳಾದ್ದರಿಂದ ಅಲ್ಲಿಯದೇ ಒಂದು ಸಂದರ್ಭವನ್ನು ಸೂಚಿಸುತ್ತೇನೆ. ರಸಾಯನಶಾಸ್ತ್ರ ಓದಿದ ಹುಡುಗಿಯನ್ನು ನೋಡಲು ಬಂದಿದ್ದಾರೆ. ಅವಳು ಅಡಿಕೆ-ಎಲೆ ಇಟ್ಟ ಬಿದ್ರಿ ತಟ್ಟೆ ಹಿಡಿದು ಹುಡುಗನ ತಾಯಿಯ ಮುಂದೆ ನಿಂತಿದ್ದಾಳೆ.

ತಾಯಿ: ಹಾಡು-ಗೀಡು ಬರ್ತದೇನವ್ವಾ?
ಹುಡುಗಿ: ಇಲ್ಲರಿ. (ತಟ್ಟೆ ನೋಡುತ್ತ) ಇದು ಬಿದ್ರಿ ತಟ್ಟಿರಿ.
ತಾಯಿ: ಗೊತ್ತದ ತಂಗಿ. ಛಲೋ ಅದ.
ಹುಡುಗಿ: ಮಂದಿ ಕಬ್ಬಿಣ ಅಂತಾರರಿ. ಕಬ್ಬಿಣ ಅಲ್ಲ, ಸತು. ಜರಾ ತಾಮ್ರ ಕೂಡಿಸಿರ್ತಾರ. ಕೋಟಿ ಒಳಗಿನ ಮಣ್ಣು, ನವಸಾಗರ ಕೂಡಿಸಿ ಹಚ್ಚಿದ್ರ ಸತು ಕರ್ರಗ ಆಗ್ತದ. ಬೆಳ್ಳಿಗಿ ಏನೂ ಆಗಂಗಿಲ್ಲ.
ತಾಯಿ: ಹೌದಾ? ಅಡಗಿ ಏನೇನು ಮಾಡ್ತಿ?
ಹುಡುಗಿ: ಮಾಡ್ತೀನ್ರಿ. (ತಡೆದು) ಅದು ಕರ್ರಗ ಅದ ಅಂತ ಬೆಳ್ಳಿ ಎದ್ದು ಕಾಣ್ತದರಿ.
ತಾಯಿ: ನಿನ್ನ ಬಣ್ಣದ ಮಾತು ಯಾರೂ ತಗದಿಲ್ಲವ್ವಾ.
ಹುಡುಗಿ: ನಾ ತಟ್ಟಿದು ಹೇಳಿನ್ರಿ.

ಇಲ್ಲಿ ತಾಯಿಯನ್ನು ಕೆಟ್ಟವಳನ್ನಾಗಿ ಮಾಡಿದರೆ ದೃಶ್ಯ ಕೆಡುತ್ತದೆ. ಅವರು ಮಾತು ಮುಂದುವರಿಸಲು ಒಳ್ಳೆಯ ಮನಸ್ಸಿನಿಂದಲೇ ಪ್ರಯತ್ನಿಸುತ್ತಿದ್ದಾರೆ. ಎದುರಿಗೆ ಪ್ರೀತಿಯಿದ್ದಾಗಲೂ ಸರಿಯಾದ ಮಾತು ಬಾಯಿಗೆ ಬಾರದಿರುವುದೇ ಸಂಕೋಚದವರ ನಿಜವಾದ ಸಂಕಟ. ಕೊನೆಯ ಸಾಲನ್ನು ಸಿಟ್ಟಿನಿಂದಲೂ ಹೇಳಬಹುದು, ಸೋತು ಹೇಳಬಹುದು, ರಸಾಯನಶಾಸ್ತ್ರದ ತಪ್ಪೊಂದನ್ನು ತಿದ್ದುವಂತೆಯೂ ಹೇಳಬಹುದು. ನಾನಾದರೆ ಮೂರನೆಯದನ್ನು ಆರಿಸುತ್ತೇನೆ.

ಕನ್ನಡದ ಹಳೆಯ ನಾಟಕಗಳಲ್ಲಿ ಹುಡುಕಿದರೆ ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯ ಪುಟ್ಟು ಸಿಗುತ್ತಾನೆ, ಪರೀಕ್ಷೆಯ ಅಂಕಗಳೇ ಬದುಕಾದ ಹುಡುಗ. ಓದುವುದಕ್ಕೆ ಒಳ್ಳೆಯದು, ಆಡಿಷನ್ನಿಗೆ ಬೇಡ. ನಾಟಕಕಾರರ ಪ್ರೀತಿ ಪೂರ್ತಿಯಾಗಿ ಓದಿನಲ್ಲಿ ಹಿಂದುಳಿದ ಮಾಧುವಿನ ಕಡೆಗಿದೆ. ಪುಟ್ಟುವನ್ನು ಹೊರಗಿನಿಂದ ತೂಗಿ ‘ಟೊಳ್ಳು’ ಎಂದು ತೀರ್ಪು ಕೊಟ್ಟಾಗಿದೆ. ಜೊತೆಗೆ ಅದರ ಇಂಗ್ಲಿಷ್ ಬೆರೆತ ಬೆಂಗಳೂರು ಮಾತು ನಮ್ಮ ನಾಲಗೆಯ ಮೇಲೆ ಕೂರುವುದಿಲ್ಲ.

ಆಡಿಷನ್ ದಿನದ ಬಗ್ಗೆ ಕೆಲವು ಮಾತು. ನಾಚುವ ಪಾತ್ರ ನೆಲ ನೋಡುತ್ತದೆ ಎಂದು ಹೆಚ್ಚಿನವರು ಎರಡು ನಿಮಿಷವೂ ನೆಲ ನೋಡುತ್ತಾರೆ, ನಮಗೆ ಕಾಣುವುದು ತಲೆಯ ಬೈತಲೆ ಮಾತ್ರ. ಕಣ್ಣಿಗೆ ತಪ್ಪಿಸಿಕೊಳ್ಳಲು ನಿರ್ದಿಷ್ಟ ಜಾಗ ಕೊಡಿ. ಪೆನ್ಸಿಲ್, ಎದುರಿನವಳ ಭುಜದಾಚೆಯ ಮೆಟ್ಟಿಲು, ಮತ್ತು ಅವಳ ಕಣ್ಣು. ಕಣ್ಣನ್ನು ಒಂದೇ ಸಲ ನೋಡಿ, ಯಾವ ಸಾಲಿನಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಊಹೆಯ ಎದುರಾಳಿಯನ್ನು ತೀರ್ಪುಗಾರರ ತಲೆಯಿಂದ ಸ್ವಲ್ಪ ಮೇಲೆ, ಸ್ವಲ್ಪ ಬದಿಗೆ ನಿಲ್ಲಿಸಿಕೊಳ್ಳಿ, ಅವರನ್ನೇ ಎದುರಾಳಿ ಮಾಡಿಕೊಂಡರೆ ಅವರಿಗೆ ಮುಜುಗರವಾಗುತ್ತದೆ. ವೀಡಿಯೊ ಕಳಿಸಲು ಹೇಳಿದರೆ ಸೊಂಟದಿಂದ ಮೇಲೆ ಕಾಣುವಂತೆ, ಖಾಲಿ ಗೋಡೆಯ ಮುಂದೆ, ಬೆಳಕು ಮುಖದ ಮೇಲೆ ಬೀಳುವಂತೆ ನಿಂತು, ಮಸೂರದ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಅವರಿಗೆ ಹೇಳಿ.

ಸಂಕೋಚವೆಂದರೆ ಸಣ್ಣ ದನಿಯಲ್ಲ. ಎಸ್. ಎಂ. ಪಂಡಿತ ರಂಗಮಂದಿರದಂಥ ಸಭಾಂಗಣದಲ್ಲಿ ಹಿಂದಿನ ಸಾಲಿಗೆ ಕೇಳಿಸದ ನಾಚಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ದನಿ ತುಂಬಿರಲಿ, ಅದು ಹೋಗುವ ದಿಕ್ಕು ಮಾತ್ರ ತಪ್ಪಿಸಿಕೊಳ್ಳುತ್ತಿರಲಿ, ಅಂದರೆ ಅವಳಿಗೆ ಹೇಳಬೇಕಾದದ್ದನ್ನು ಪೆನ್ಸಿಲ್ಲಿಗೆ ಹೇಳಿ.

ಮುಗಿಸಿದ ಮೇಲೆ ‘ಇದನ್ನೇ ಇನ್ನೊಂದು ತರಹ ಮಾಡಿ, ಅವನಿಗೆ ಸಿಟ್ಟು ಬಂದಿದೆ ಎಂದುಕೊಳ್ಳಿ’ ಎಂದು ಕೇಳುವ ಸಂಭವ ಹೆಚ್ಚು. ಅದು ನಿಮ್ಮ ಮೊದಲ ಪ್ರಯತ್ನ ಕೆಟ್ಟದಾಗಿತ್ತು ಎಂಬುದರ ಸೂಚನೆಯಲ್ಲ, ಹೇಳಿದ್ದನ್ನು ಹಿಡಿಯಬಲ್ಲಿರಾ ಎಂಬ ಪರೀಕ್ಷೆ. ಆಗ ದನಿ ಏರಿಸಲು ಹೋಗಬೇಡಿ. ಅವನಿಗೆ ಬೇಕಾದದ್ದು ಅದೇ ಇರಲಿ, ಅವಳು ಮೇ ಒಂಬತ್ತಕ್ಕೆ ಮಾಳಿಗೆಗೆ ಬರಬೇಕು. ಕಳೆದ ವರ್ಷವೂ ಕರೆದಿದ್ದ, ಅವಳು ಬಂದಿರಲಿಲ್ಲ ಎಂದು ಮನಸ್ಸಿನಲ್ಲೇ ಒಂದು ಸಂಗತಿ ಸೇರಿಸಿಕೊಂಡು ಅವೇ ಸಾಲುಗಳನ್ನು ಹೇಳಿ. ಈ ಎರಡನೆಯ ಬಗೆಯನ್ನೂ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಎದುರಿಗೆ ಅಕ್ಕನನ್ನು ನಿಲ್ಲಿಸಿಕೊಂಡರೆ ನಗು ತಡೆಯುವ ಅಭ್ಯಾಸವೂ ಆಗುತ್ತದೆ, ಅವಳ ದೃಶ್ಯದಲ್ಲಿ ಹುಡುಗನ ತಾಯಿಯ ಮಾತುಗಳನ್ನು ನೀವು ಓದಿ ಆ ಋಣ ತೀರಿಸಬಹುದು.